ಹೊಲದ ಸಾಲಿನಲ್ಲಿ ನಡೆಯುವ ದೂರನಿಯಂತ್ರಿತ ಯಂತ್ರ: ಅದರ ರಚನೆಯೂ ಪರೀಕ್ಷೆಯೂ

ಭಾದ್ರಪದ ಮಾಸದಲ್ಲಿ ಹತ್ತಿಯ ಗಿಡಗಳು ಸೊಂಟದೆತ್ತರ ಬೆಳೆದು, ಕಾಯಿಕೊರಕ ಹುಳುವಿನ ಭಯವು ತಲೆದೋರುವ ದಿವಸಗಳಲ್ಲಿ ನಮ್ಮ ಎರೆಹೊಲಗಳಲ್ಲಿ ಕಾಣಬರುವ ನೋಟವು ಎಲ್ಲರಿಗೂ ಪರಿಚಿತವಾದುದೇ ಸರಿ. ಹದಿನಾರು ಲೀಟರು ಹಿಡಿಯುವ ಔಷಧದ ಡಬ್ಬಿಯನ್ನು ಬೆನ್ನಿಗೆ ಬಿಗಿದುಕೊಂಡು ಕೂಲಿಯಾಳು ಸಾಲು ಹಿಡಿದು ನಡೆಯುತ್ತಾನೆ. ತಾನು ಈಗತಾನೆ ತೋಯಿಸಿದ ಎಲೆಗಳ ನಡುವೆಯೇ ಮುಂದಕ್ಕೆ ಸಾಗುತ್ತಾನೆ. ಗಾಳಿಯು ತಿರುಗಿದರೆ ಹನಿಗಳು ಗಿಡದ ಬದಲಾಗಿ ಅವನ ಮೈಮೇಲೆಯೇ ಬೀಳುತ್ತವೆ. ಬಿಸಿಲಿನ ತಾಪದಿಂದ ಅಂಗಿಯನ್ನು ತೆಗೆದಿಟ್ಟು ದುಡಿಯುವವರೂ, ಮುಖಕ್ಕೆ ಬಟ್ಟೆಯನ್ನು ಕಟ್ಟಿಕೊಳ್ಳದವರೂ ಎಷ್ಟೋ ಜನ. 2017ನೆಯ ಇಸವಿಯಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಕೀಟನಾಶಕವನ್ನು ಸಿಂಪಡಿಸುತ್ತಿದ್ದಾಗ ವಿಷವೇರಿ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಜನರು ಪ್ರಾಣ ಬಿಟ್ಟರು. ನೂರಾರು ಜನರು ಆಸ್ಪತ್ರೆ ಸೇರಿದರು. ಅಲ್ಲಿಯ ನೆಲವೂ ಕಪ್ಪು ನೆಲವೇ, ಬೆಳೆಯೂ ಹತ್ತಿಯೇ, ಸಿಂಪಡಿಸುವ ರೀತಿಯೂ ನಮ್ಮದೇ. ಆದಕಾರಣ ಅಲ್ಲಿ ನಡೆದದ್ದು ಇಲ್ಲಿ ನಡೆಯಲಾರದೆಂದು ನಾವು ನಿಶ್ಚಿಂತೆಯಿಂದ ಇರುವಂತಿಲ್ಲ.

ಮನುಷ್ಯನು ಬದುವಿನ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಔಷಧವನ್ನು ಹೊತ್ತ ಒಂದು ಚಿಕ್ಕ ಗಾಡಿಯನ್ನು ಸಾಲಿನೊಳಗೆ ಕಳುಹಿಸಿ, ಕೈಯಲ್ಲಿಯ ಪೆಟ್ಟಿಗೆಯಿಂದ ಅದನ್ನು ನಡೆಸುವಂತಾದರೆ ಈ ಅಪಾಯದ ಬಹುಭಾಗವು ತಪ್ಪುವುದು. ಇಂಥ ಗಾಡಿಗೆ ಈಗ ರೋವರ್ ಎಂದೂ, ದೂರನಿಯಂತ್ರಿತ ರೋಬೋಟ್ ಎಂದೂ ಹೆಸರಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಭಾಗಗಳ ಊರ ಪ್ರಮುಖರೂ ಜಮೀನುದಾರರೂ ಇದರ ರಚನೆಯನ್ನು ಅರಿತು, ಪರೀಕ್ಷೆಯ ಕ್ರಮವನ್ನು ತಿಳಿದು, ತಮ್ಮ ಹೊಲಕ್ಕೆ ಇದು ತಕ್ಕದ್ದೋ ಅಲ್ಲವೋ ಎಂಬುದನ್ನು ತಾವೇ ನಿರ್ಣಯಿಸಬೇಕೆಂಬುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಯಂತ್ರದ ಪೂರ್ವಕಥೆ

ರೋಬೋಟ್ ಎಂಬ ಶಬ್ದವು ಚೆಕ್ ಭಾಷೆಯದು. ಕಾರೆಲ್ ಚಾಪೆಕ್ ಎಂಬ ಗ್ರಂಥಕಾರನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಅದರ ಮೂಲಾರ್ಥವು ಒಡೆಯನಿಗೆ ಮಾಡಬೇಕಾದ ಬಿಟ್ಟಿಯ ಚಾಕರಿ ಎಂದು. ಬಿಟ್ಟಿ ಎಂದರೇನೆಂಬುದನ್ನು ನಮ್ಮ ಹಳ್ಳಿಗಳ ಹಿರಿಯರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಮನುಷ್ಯನು ಮಾಡಬಾರದ ಚಾಕರಿಯನ್ನು ಯಂತ್ರವು ಮಾಡಲಿ ಎಂಬುದೇ ಈ ವಿದ್ಯೆಯ ತಿರುಳು.

ತಂತಿಯಿಲ್ಲದೆ ದೂರದ ವಸ್ತುವನ್ನು ಚಾಲಿಸುವ ವಿದ್ಯೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. ಜಗದೀಶಚಂದ್ರ ಬೋಸರು 1895ರಲ್ಲಿ ಕಲಕತ್ತೆಯ ಸಭಾಭವನದಲ್ಲಿ ಗೋಡೆಗಳ ಆಚೆಗೆ ವಿದ್ಯುತ್ತರಂಗಗಳನ್ನು ಕಳುಹಿಸಿ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬವನು ನ್ಯೂಯಾರ್ಕ್ ನಗರದಲ್ಲಿ ನೀರಿನ ಮೇಲೆ ಚಿಕ್ಕ ದೋಣಿಯೊಂದನ್ನು ದಡದಿಂದಲೇ ತಿರುಗಿಸಿ ನಡೆಸಿದನು. 1970ರಲ್ಲಿ ಸೋವಿಯತ್ ದೇಶದವರು ಲೂನೋಖೋದ್ ಎಂಬ ಎಂಟು ಗಾಲಿಗಳ ಗಾಡಿಯನ್ನು ಚಂದ್ರನ ಮೇಲಿಳಿಸಿ, ಭೂಮಿಯಲ್ಲಿಯೇ ಕುಳಿತು ಹತ್ತು ಕಿಲೋಮೀಟರಿಗಿಂತ ಹೆಚ್ಚು ದೂರ ನಡೆಸಿದರು.

ನಮ್ಮ ನಾಡಿನ ದೊಡ್ಡ ಉದಾಹರಣೆ

ಈ ವಿಷಯದಲ್ಲಿ ನಮಗೆ ಅತ್ಯಂತ ಸಮೀಪದ ಪಾಠವು ಬೆಂಗಳೂರಿನಿಂದಲೇ ದೊರೆಯುತ್ತದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಚಂದ್ರಯಾನ-2ರ ಸಂಗಡ ಕಳುಹಿಸಿದ ಸಂಚಾರಯಂತ್ರವು 2019ರ ಸೆಪ್ಟೆಂಬರಿನಲ್ಲಿ, ಇಳಿಯುವ ನೌಕೆಯೇ ನೆಲಕ್ಕಪ್ಪಳಿಸಿದ್ದರಿಂದ, ಒಂದು ಗೇಣೂ ಉರುಳದೆ ನಷ್ಟವಾಯಿತು. ಅವರು ಎದೆಗುಂದಲಿಲ್ಲ, ತಪ್ಪುಗಳನ್ನು ಒಂದೊಂದಾಗಿ ಹುಡುಕಿ ತಿದ್ದಿದರು. 2023ನೆಯ ಆಗಸ್ಟ್ 23ರಂದು ಚಂದ್ರಯಾನ-3 ಸುಖವಾಗಿ ಇಳಿಯಿತು. ಅದರೊಳಗಿಂದ ಹೊರಟ ಪ್ರಜ್ಞಾನ್ ಎಂಬ ಆರು ಗಾಲಿಗಳ ಗಾಡಿಯು 26 ಕಿಲೋಗ್ರಾಂ ತೂಕದ್ದು. ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟೇ ವೇಗದಿಂದ ಅದು ಸೆಪ್ಟೆಂಬರ್ 2ರೊಳಗಾಗಿ ನೂರು ಮೀಟರು ದೂರವನ್ನು ದಾಟಿತು. ಆಗಸ್ಟ್ 27ರಂದು ಅದರ ಮುಂದೆ ಮೂರು ಮೀಟರು ದೂರದಲ್ಲಿ ನಾಲ್ಕು ಮೀಟರು ಅಗಲದ ಕುಳಿಯೊಂದು ಕಂಡುಬಂದಾಗ, ಬಂದ ದಾರಿಯನ್ನೇ ಹಿಡಿದು ಹಿಂದಿರುಗುವಂತೆ ಇಲ್ಲಿಂದ ಆಜ್ಞೆ ಹೋಯಿತು, ಅದು ಹಿಂದಿರುಗಿತು.

ಒಕ್ಕಲಿಗರು ಇದರಿಂದ ಕಲಿಯತಕ್ಕದ್ದು ಮುಖ್ಯವಾಗಿ ಒಂದೇ ಮಾತು. ಚಂದ್ರನ ಮೇಲೆ ನಡೆಯಬೇಕಾದ ಗಾಡಿಯನ್ನು ಅವರು ಬೆಂಗಳೂರಿನ ಗಾರೆಯ ನೆಲದ ಮೇಲೆ ಓಡಿಸಿ ತೃಪ್ತರಾಗಲಿಲ್ಲ. ಚಂದ್ರನ ಮಣ್ಣನ್ನು ಹೋಲುವ ಕಲ್ಲು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸೀತಂಪೂಂಡಿಯಲ್ಲಿ ದೊರೆಯುವುದೆಂದು ತಿಳಿದು, ಅದನ್ನು ತರಿಸಿ, ಪುಡಿಮಾಡಿಸಿ, ಹಾಸಿ, ಅದರ ಮೇಲೆ ಪರೀಕ್ಷಿಸಿದರು. ನೌಕೆಯ ಇಳಿವಿನ ಉಪಕರಣಗಳ ಪರೀಕ್ಷೆಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಹತ್ತಿರ ಕೃತಕ ಕುಳಿಗಳನ್ನೇ ತೋಡಿಸಿದರು. ಯಾವ ನೆಲದ ಮೇಲೆ ಯಂತ್ರವು ದುಡಿಯಬೇಕೋ ಆ ನೆಲದ ಮೇಲೆಯೇ ಅದರ ಪರೀಕ್ಷೆಯಾಗತಕ್ಕದ್ದು. ಚಂದ್ರನ ಮಣ್ಣನ್ನು ಹುಡುಕಿಕೊಂಡು ಅವರು ಅಷ್ಟು ದೂರ ಹೋಗಬೇಕಾಯಿತು. ನಮ್ಮ ಎರೆಯೂ ಮಸಾರಿಯೂ ಮನೆಯ ಹಿತ್ತಿಲಲ್ಲಿಯೇ ಇವೆ. ಪರೀಕ್ಷೆಯಿಲ್ಲದೆ ಕೊಂಡು ಮೋಸಹೋದರೆ ಆ ದೋಷವು ನಮ್ಮದೇ ಆಗುವುದು.

ನಮ್ಮ ನೆಲದ ಗುಣ

ಎರೆಯ ಮಣ್ಣಿನಲ್ಲಿ ನೀರನ್ನು ಹೀರಿ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿಯ ಅಂಶವು ಹೆಚ್ಚಾಗಿರುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕುಗಳು ಬಾಯಿಬಿಡುವವು. ಮಳೆಯಾದರೆ ಅದೇ ಮಣ್ಣು ಅಂಟಾಗಿ ಚಕ್ಕಡಿಯ ಗಾಲಿಯನ್ನು ಹಿಡಿದು ನಿಲ್ಲಿಸುವುದು. ಚಿಕ್ಕ ಯಂತ್ರಕ್ಕೆ ಈ ಎರಡೂ ಶತ್ರುಗಳೇ. ಗಾಲಿಯು ಬಿರುಕಿನಲ್ಲಿ ಸಿಕ್ಕಿಕೊಳ್ಳುವುದು ಮೊದಲನೆಯದು. ಗಾಲಿಗೆ ಮೆತ್ತಿದ ಮಣ್ಣು ಸುತ್ತುತ್ತ ಸುತ್ತುತ್ತ ದುಂಡನೆಯ ಮುದ್ದೆಯಾಗಿ, ಹಲ್ಲುಗಳೆಲ್ಲ ಮುಚ್ಚಿಹೋಗಿ, ನಿಂತಲ್ಲಿಯೇ ಜಾರುವುದು ಎರಡನೆಯದು. ಶಿರಹಟ್ಟಿ ಮುಂಡರಗಿಗಳ ಕಡೆಯಲ್ಲಿ, ಕಪ್ಪತಗುಡ್ಡದ ಸೆರಗಿನ ಮಸಾರಿ ಹೊಲಗಳಲ್ಲಿ ಅಂಟು ಕಡಿಮೆ. ಆದರೆ ಅಲ್ಲಿ ಗರಸು ಕಲ್ಲು, ಇಳಿಜಾರು ಮತ್ತು ಒಡ್ಡುಗಳ ತೊಂದರೆ ಹೆಚ್ಚು. ಒಂದೇ ಬಗೆಯ ಗಾಲಿಯು ಎರಡೂ ಕಡೆಗೆ ಒಗ್ಗಲಾರದು. ಕೂರಿಗೆಯ ತಾಳುಗಳನ್ನು ನೆಲಕ್ಕೆ ತಕ್ಕಂತೆ ಬದಲಿಸುವ ನಮ್ಮ ಒಕ್ಕಲಿಗರಿಗೆ ಇದು ಹೊಸ ಮಾತಲ್ಲ.

ದೇಹ ಮತ್ತು ಗಾಲಿಗಳು

ಹತ್ತಿಯನ್ನೂ ಮೆಣಸಿನ ಗಿಡವನ್ನೂ 90 ಸೆಂಟಿಮೀಟರು ಅಂತರದ ಸಾಲಿನಲ್ಲಿ ನೆಟ್ಟ ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಿಡಗಳ ಕೊಂಬೆಗಳು ಇಬ್ಬದಿಯಿಂದ ಚಾಚಿಕೊಳ್ಳುವುದರಿಂದ ಯಂತ್ರದ ಒಟ್ಟು ಅಗಲವು 50 ಸೆಂಟಿಮೀಟರಿಗೆ ಮೀರಕೂಡದು. ನೆಲದಿಂದ ಹೊಟ್ಟೆಯವರೆಗೆ 20 ಸೆಂಟಿಮೀಟರಾದರೂ ತೆರಪಿರಬೇಕು. ಚೌಕಟ್ಟನ್ನು ಕಬ್ಬಿಣದ ಚೌಕಕೊಳವೆಗಳಿಂದ ಬೆಸೆದು ಮಾಡಬಹುದು. ಚಕ್ಕಡಿ, ಕುಂಟೆ, ಕೂರಿಗೆಗಳನ್ನು ಮಾಡಿಕೊಡುವ ನಮ್ಮ ಕಮ್ಮಾರರಿಗೂ ಬೆಸುಗೆಯವರಿಗೂ ಇದು ಅಸಾಧ್ಯವಾದ ಕೆಲಸವಲ್ಲ. ಗಾಲಿಯು 30 ಸೆಂಟಿಮೀಟರಿಗೆ ಕಡಿಮೆಯಿಲ್ಲದ ವ್ಯಾಸದ್ದಾಗಿರಲಿ. ಚಿಕ್ಕ ಗಾಲಿಯು ಬಿರುಕಿಗೆ ಬೀಳುವುದು, ದೊಡ್ಡದು ದಾಟುವುದು. ಎರೆಯ ಹೊಲಕ್ಕೆ ಹಲ್ಲುಗಳು ಎತ್ತರವಾಗಿ ವಿರಳವಾಗಿರಬೇಕು. ಪ್ರತಿಯೊಂದು ಗಾಲಿಗೂ ಮಣ್ಣನ್ನು ಹೆರೆದು ಕೆಡಹುವ ಕಬ್ಬಿಣದ ಪಟ್ಟಿಯನ್ನು ಜೋಡಿಸಬೇಕು. ಸರಪಣಿಯ ಪಟ್ಟದ ಮೇಲೆ ನಡೆಯುವ ಗಾಡಿಗಳು ನೋಡುವುದಕ್ಕೆ ಬಲವಾಗಿ ಕಂಡರೂ, ಅಂಟುಮಣ್ಣು ಪಟ್ಟದೊಳಗೆ ತುಂಬಿಕೊಂಡರೆ ಬಿಡಿಸುವುದು ಕಷ್ಟವೆಂಬುದನ್ನು ನೆನಪಿಡತಕ್ಕದ್ದು.

ಭಾರವನ್ನು ಕೆಳಗಿಡುವುದು ಅತ್ಯವಶ್ಯ. ಎಡಬಲ ಗಾಲಿಗಳ ನಡುವಿನ ಅಂತರವು 40 ಸೆಂಟಿಮೀಟರಿದ್ದು, ಒಟ್ಟು ಭಾರದ ಮಧ್ಯಬಿಂದುವು ನೆಲದಿಂದ 30 ಸೆಂಟಿಮೀಟರು ಎತ್ತರದಲ್ಲಿದ್ದರೆ, ಗಾಡಿಯು ಸುಮಾರು 33 ಡಿಗ್ರಿ ಓರೆಯಾಗುವವರೆಗೆ ಮಗುಚದು. ಔಷಧದ ಡಬ್ಬಿಯನ್ನು ತಲೆಯ ಮೇಲೆ ಹೇರಿ ಅದೇ ಬಿಂದುವನ್ನು 50 ಸೆಂಟಿಮೀಟರಿಗೆ ಏರಿಸಿದರೆ, 22 ಡಿಗ್ರಿಗೇ ಮಗುಚುವುದು. ತುಂಬಿದ ನೀರು ತುಳುಕುವುದರಿಂದಲೂ, ಒಂದು ಗಾಲಿಯು ಹೆಂಟೆಯ ಮೇಲೇರಿ ಇನ್ನೊಂದು ತಗ್ಗಿಗಿಳಿಯುವುದರಿಂದಲೂ, ಹೊಲದಲ್ಲಿ ಇದಕ್ಕಿಂತ ಮೊದಲೇ ಅಪಾಯ ಬರುವುದು. ವಿಷವನ್ನು ಹೊತ್ತ ಗಾಡಿಯು ಮಗುಚಿದರೆ ಅದನ್ನೆತ್ತಲು ಮನುಷ್ಯನೇ ಹೋಗಬೇಕಷ್ಟೆ. ಹಾಗಾದರೆ ಯಂತ್ರವನ್ನು ಮಾಡಿದ ಉದ್ದೇಶವೇ ಕೆಟ್ಟಂತೆ.

ಎಳೆತದ ಲೆಕ್ಕ

ಮೋಟಾರುಗಳನ್ನು ಕೊಳ್ಳುವುದಕ್ಕಿಂತ ಮೊದಲು ಮಾಡತಕ್ಕ ಪರೀಕ್ಷೆಯೊಂದಿದೆ. ಇದಕ್ಕೆ ಖರ್ಚು ಬಹಳ ಸ್ವಲ್ಪ. ಚೌಕಟ್ಟಿಗೆ ಸರಾಗವಾಗಿ ತಿರುಗುವ ಗಾಲಿಗಳನ್ನು ಹಾಕಿ, ಒಟ್ಟು 60 ಕಿಲೋಗ್ರಾಂ ಆಗುವಂತೆ ಮಣ್ಣಿನ ಚೀಲಗಳನ್ನು ಹೇರಿ, ಮುಂಭಾಗಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ಸ್ಪ್ರಿಂಗಿನ ತೂಗುಕೊಕ್ಕೆಯನ್ನು ಸಿಕ್ಕಿಸಿ, ನಿಮ್ಮ ಹೊಲದ ಸಾಲಿನಲ್ಲಿ ಮೆಲ್ಲಗೆ ಎಳೆಯಿರಿ. ಕೊಕ್ಕೆಯು ತೋರಿಸುವ ತೂಕವೇ ಯಂತ್ರಕ್ಕೆ ಬೇಕಾದ ಎಳೆತ. ಸಡಿಲವಾದ ಮಣ್ಣಿನಲ್ಲಿ ಇದು ಭಾರದ ನಾಲ್ಕನೆಯ ಒಂದು ಪಾಲಿನಷ್ಟು, ಎಂದರೆ 15 ಕಿಲೋಗ್ರಾಂ ಆಗಬಹುದು. ಹೊಸದಾಗಿ ಕುಂಟೆ ಹೊಡೆದಾಗ, ಮಳೆಯ ಮರುದಿವಸ, ನೆಲವು ಒಣಗಿ ಬಿಗಿದಾಗ ಹೀಗೆ ಮೂರು ಸಲ ಎಳೆದು ಬರೆದಿಟ್ಟುಕೊಂಡರೆ, ಮಾರಾಟಗಾರನ ಮಾತಿಗಿಂತ ಹೆಚ್ಚು ನಂಬತಕ್ಕ ಅಂಕಿಗಳು ನಿಮ್ಮ ಕೈಯಲ್ಲಿರುವವು.

15 ಕಿಲೋಗ್ರಾಂ ಎಳೆತದಿಂದ ಸೆಕೆಂಡಿಗೆ ಅರ್ಧ ಮೀಟರು ನಡೆಯಬೇಕಾದರೆ ಗಾಲಿಗಳಲ್ಲಿ ಸುಮಾರು 75 ವ್ಯಾಟು ಶಕ್ತಿಯು ಬೇಕು. ಮೋಟಾರಿನಲ್ಲಿಯೂ ಹಲ್ಲುಗಾಲಿಗಳಲ್ಲಿಯೂ ಅರ್ಧದ ಹತ್ತಿರ ನಷ್ಟವಾಗುವುದರಿಂದ ಬ್ಯಾಟರಿಯು 135 ವ್ಯಾಟಿನಷ್ಟನ್ನು ಕೊಡಬೇಕಾದೀತು. 75 ವ್ಯಾಟೆಂದರೆ ಒಂದು ಕುದುರೆಶಕ್ತಿಯ ಹತ್ತನೆಯ ಒಂದು ಪಾಲು. ಒಳ್ಳೆಯ ಒಂದು ಎತ್ತು ತನ್ನ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು, ಎಂದರೆ 40 ಕಿಲೋಗ್ರಾಂ ಎಳೆತವನ್ನು ದಿನವಿಡೀ ಕೊಡಬಲ್ಲುದು. ಆದುದರಿಂದ ಈ ಯಂತ್ರದಿಂದ ರಂಟೆ ಹೊಡೆಯುವ ಅಥವಾ ಕುಂಟೆ ಎಳೆಯಿಸುವ ಆಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಇದು ಹೊರುವ ಯಂತ್ರ, ಉಳುವ ಯಂತ್ರವಲ್ಲ.

ಬ್ಯಾಟರಿ ಮತ್ತು ರೇಡಿಯೋ

ಹಳೆಯ ಸೀಸದ ಬ್ಯಾಟರಿಗಳು ಅಗ್ಗವಾದರೂ ಭಾರವಾದವು. ಅವುಗಳ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪ್ರತಿಸಲವೂ ತೆಗೆದರೆ ಬೇಗನೆ ಕೆಡುವವು. ಲಿಥಿಯಂ-ಕಬ್ಬಿಣ-ಫಾಸ್ಫೇಟಿನ ಬ್ಯಾಟರಿಗಳು ಹಗುರ ಮತ್ತು ಬಾಳಿಕೆಯವು. ಅಂಥ 12.8 ವೋಲ್ಟಿನ, 20 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 256 ವ್ಯಾಟ್-ಗಂಟೆಯ ಶಕ್ತಿಯಿರುತ್ತದೆ. ಅದರಲ್ಲಿ ಐದನೆಯ ನಾಲ್ಕು ಪಾಲನ್ನು ಬಳಸಿದರೆ ಮೇಲ್ಕಂಡ ಗಾಡಿಯು ಒಂದೂವರೆ ತಾಸು ನಡೆಯುವುದು. ಸಿಂಪರಣೆಯ ಪಂಪಿಗೆ ಬೇರೆ ಬ್ಯಾಟರಿಯನ್ನಿಡುವುದು ಲೇಸು. ಔಷಧ ಮುಗಿದರೂ ಗಾಡಿಯು ಬದುವಿಗೆ ಮರಳಿ ಬರುವಷ್ಟು ಶಕ್ತಿಯು ಯಾವಾಗಲೂ ಉಳಿದಿರಬೇಕು.

ಆಜ್ಞೆಯನ್ನು ಒಯ್ಯುವ ರೇಡಿಯೋ ತರಂಗಗಳ ವಿಷಯದಲ್ಲಿ ಕಾಯದೆಯನ್ನು ಅರಿತಿರಬೇಕು. ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಬಳಸಬಹುದಾದ ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸಿನದೂ 865 ಮೆಗಾಹರ್ಟ್ಸಿನಿಂದ ಮೇಲಿನದೂ ಮುಖ್ಯವಾದವು. ಅಮೇರಿಕೆಗಾಗಿ ಮಾಡಿದ 915 ಮೆಗಾಹರ್ಟ್ಸಿನ ಪೆಟ್ಟಿಗೆಗಳನ್ನು ಅಗ್ಗವೆಂದು ತರಿಸಬಾರದು. 2.4 ಗಿಗಾಹರ್ಟ್ಸಿನ ತರಂಗವು ಒಂದು ಗೇಣಿಗಿಂತಲೂ ಚಿಕ್ಕದು. ಹಸುರೆಲೆಗಳಲ್ಲಿಯ ನೀರು ಅದನ್ನು ಬಹಳವಾಗಿ ಹೀರಿಕೊಳ್ಳುತ್ತದೆ. ಖಾಲಿ ಅಂಗಳದಲ್ಲಿ ಮುಟ್ಟಿದ ದೂರವನ್ನು ಬೆಳೆದ ಹತ್ತಿಯ ಹೊಲದಲ್ಲಿ ಮುಟ್ಟುವುದೆಂದು ಭ್ರಮಿಸಬಾರದು. ಗ್ರಾಹಕದ ತಂತಿಯನ್ನು ಬೆಳೆಯ ತಲೆಗಿಂತ ಮೇಲೆ ನಿಲ್ಲುವಂತೆ ಕೋಲಿಗೆ ಕಟ್ಟತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ನಿಲ್ಲುವ ಏರ್ಪಾಡು. ಆಜ್ಞೆಯ ತರಂಗವು ಕಡಿದುಹೋದ ಕೂಡಲೆ, ಒಂದು ಸೆಕೆಂಡಿನೊಳಗಾಗಿ, ಗಾಲಿಗಳೂ ಪಂಪೂ ತಾವಾಗಿಯೇ ನಿಲ್ಲಬೇಕು. ಇದಲ್ಲದೆ ಗಾಡಿಯ ಮೈಮೇಲೆ, ಓದು ಬರದವನೂ ಗುರುತಿಸುವಂತೆ, ದೊಡ್ಡ ಕೆಂಪು ಗುಂಡಿಯೊಂದಿರಬೇಕು. ಅದನ್ನು ಒತ್ತಿದರೆ ಬ್ಯಾಟರಿಯ ಸಂಬಂಧವೇ ಕಡಿಯಬೇಕು. ಈ ಎರಡು ಏರ್ಪಾಡುಗಳಿಲ್ಲದ ಯಂತ್ರವನ್ನು, ಅದು ಎಷ್ಟೇ ಅಗ್ಗವಾಗಿರಲಿ, ಹೊಲದೊಳಗೆ ಬಿಡಕೂಡದು. ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತಿರುವರು, ಮಕ್ಕಳು ಬುತ್ತಿ ತರುತ್ತಿರುವರು ಎಂಬುದನ್ನು ಯಂತ್ರವು ಅರಿಯದು, ಅರಿಯಬೇಕಾದವರು ನಾವು.

ಪರೀಕ್ಷೆಯ ಕ್ರಮ

ಸಕಲ ಪರೀಕ್ಷೆಗಳನ್ನೂ ಶುದ್ಧ ನೀರನ್ನು ತುಂಬಿಯೇ ಮಾಡತಕ್ಕದ್ದು. ಕ್ರಮವು ಹೀಗಿರಲಿ:

1. ಎತ್ತಿ ನಿಲ್ಲಿಸಿ ನೋಡುವುದು. ಗಾಲಿಗಳು ನೆಲಕ್ಕೆ ತಾಗದಂತೆ ಚೌಕಟ್ಟಿನ ಕೆಳಗೆ ಇಟ್ಟಿಗೆಗಳನ್ನಿಟ್ಟು, ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಂಬ ಆಜ್ಞೆಗಳು ಸರಿಯಾಗಿ ನಡೆಯುವವೋ ನೋಡಬೇಕು.

2. ನಿಲ್ಲುವ ಪರೀಕ್ಷೆ. ಗಾಡಿಯು ನಡೆಯುತ್ತಿರುವಾಗಲೇ ಕೈಪೆಟ್ಟಿಗೆಯನ್ನು ಆರಿಸಬೇಕು. ಹೀಗೆ ಇಪ್ಪತ್ತು ಸಲ ಮಾಡಿ, ಇಪ್ಪತ್ತು ಸಲವೂ ಅರ್ಧ ಮೀಟರಿನೊಳಗೆ ನಿಂತರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗತಕ್ಕದ್ದು. ಹತ್ತೊಂಬತ್ತು ಸಲ ನಿಂತು ಒಂದು ಸಲ ತಪ್ಪಿದರೂ ಅದು ನಪಾಸಾದಂತೆಯೇ.

3. ಜಾರುವಿಕೆಯ ಪರೀಕ್ಷೆ. 30 ಸೆಂಟಿಮೀಟರು ವ್ಯಾಸದ ಗಾಲಿಯ ಸುತ್ತಳತೆಯು ಸುಮಾರು 94 ಸೆಂಟಿಮೀಟರು. ಗಾಲಿಯ ಅಂಚಿಗೆ ಬಿಳಿಯ ಗುರುತು ಮಾಡಿ, ಇಪ್ಪತ್ತು ಸುತ್ತು ತಿರುಗುವಷ್ಟರಲ್ಲಿ ಗಾಡಿಯು ಎಷ್ಟು ದೂರ ಹೋಯಿತೆಂದು ಅಳೆಯಬೇಕು. ಹೋಗಬೇಕಾದದ್ದು 18.8 ಮೀಟರು, 15 ಮೀಟರು ಮಾತ್ರ ಹೋದರೆ ನೂರಕ್ಕೆ ಇಪ್ಪತ್ತು ಜಾರಿದಂತೆ. ಇದಕ್ಕಿಂತ ಹೆಚ್ಚು ಜಾರಿದರೆ ಬ್ಯಾಟರಿಯು ವ್ಯರ್ಥವಾಗುವುದಲ್ಲದೆ ಗಾಲಿಯು ತನ್ನ ಕುಳಿಯನ್ನು ತಾನೇ ತೋಡಿಕೊಳ್ಳುವುದು.

4. ತಿರುವಿನ ಪರೀಕ್ಷೆ. ಎಡಬಲ ಗಾಲಿಗಳ ವೇಗಭೇದದಿಂದ ತಿರುಗುವ ಗಾಡಿಗಳು ಎರೆಯ ಮಣ್ಣನ್ನು ಒತ್ತಟ್ಟಿಗೆ ತಳ್ಳಿ ದಿಬ್ಬ ಮಾಡುವವು. ಸಾಲಿನ ಕೊನೆಯಲ್ಲಿ ತಿರುಗಲು ಎಷ್ಟು ಜಾಗ ಬೇಕೆಂಬುದನ್ನು ಬಿತ್ತನೆಗೆ ಮೊದಲೇ ತಿಳಿದು ಅಂಚನ್ನು ಬಿಡಬೇಕು.

5. ತರಂಗದ ಪರೀಕ್ಷೆ. ಬೆಳೆಯು ಪೂರ್ಣವಾಗಿ ಬೆಳೆದ ಹೊಲದಲ್ಲಿ, ಡಬ್ಬಿಯು ತುಂಬಿರುವಾಗ, ನೀವು ನಿಲ್ಲುವ ಬದುವಿನಿಂದ ಅತ್ಯಂತ ದೂರದ ಮೂಲೆಯವರೆಗೆ ಕಳುಹಿಸಿ ನೋಡಬೇಕು.

6. ಹನಿಯ ಪರೀಕ್ಷೆ. ನೀರಿಗೆ ನಿರುಪದ್ರವಿಯಾದ ಬಣ್ಣವನ್ನು ಕಲಸಿ, ಗಿಡದ ಮೇಲಿನ, ನಡುವಿನ, ಕೆಳಗಿನ ಎಲೆಗಳಿಗೆ, ಎಲೆಯ ಬೆನ್ನಿಗೂ ಸಹ, ಬಿಳಿಯ ಕಾಗದದ ತುಂಡುಗಳನ್ನು ಸಿಕ್ಕಿಸಿ ಸಿಂಪಡಿಸಬೇಕು. ಹುಳುವು ಅಡಗುವ ಕಡೆಗೆ ಹನಿ ಮುಟ್ಟದಿದ್ದರೆ ಗಾಡಿಯು ಚೆನ್ನಾಗಿ ನಡೆದೂ ಪ್ರಯೋಜನವಿಲ್ಲ.

7. ಬಿಸಿಲು, ಧೂಳು, ಮಳೆ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ತಾಸು ದುಡಿಸಿ, ನಿಯಂತ್ರಕದ ಪೆಟ್ಟಿಗೆಯನ್ನು ಮುಟ್ಟಿ ನೋಡಬೇಕು. ಪೆಟ್ಟಿಗೆಗೆ ಬಿಳಿಯ ಬಣ್ಣ ಬಳಿದು ನೆರಳು ಮಾಡಿದರೆ ಬಹಳ ಗುಣವಾಗುವುದು. ಆಮೇಲೆ ಕೊಡದಿಂದ ನೀರು ಸುರಿದು, ಒಳಗೆ ಒಂದು ಹನಿಯೂ ಹೋಗಲಿಲ್ಲವೆಂದು ಬಿಚ್ಚಿ ನೋಡಬೇಕು.

ಪ್ರತಿಯೊಂದು ಪರೀಕ್ಷೆಯ ತಾರೀಖು, ನೆಲದ ಸ್ಥಿತಿ, ಕಂಡ ಅಂಕಿ, ಕೆಟ್ಟ ಭಾಗ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಕೆಟ್ಟದ್ದನ್ನು ಬರೆದಿಡಲು ನಾಚಬಾರದು. ಆ ಪುಟಗಳೇ ಮುಂದಿನ ವರ್ಷಕ್ಕೆ ಬೆಲೆಯುಳ್ಳವು.

ಒಂದು ಎಕರೆಯ ಲೆಕ್ಕ

ಸಾಲಿನ ಅಂತರವು 90 ಸೆಂಟಿಮೀಟರಿದ್ದರೆ ಒಂದು ಎಕರೆಯಲ್ಲಿ ಒಟ್ಟು ಸಾಲುಗಳ ಉದ್ದವು ನಾಲ್ಕೂವರೆ ಕಿಲೋಮೀಟರಾಗುವುದು. ಗಾಡಿಯು ಒಂದು ತೆರಪನ್ನು ಬಿಟ್ಟು ಒಂದರಲ್ಲಿ ನಡೆದು, ಎಡಬಲದ ಎರಡೂ ಸಾಲುಗಳಿಗೆ ಸಿಂಪಡಿಸಿದರೆ, ನಡೆಯಬೇಕಾದದ್ದು ಎರಡೂಕಾಲು ಕಿಲೋಮೀಟರು. ಸೆಕೆಂಡಿಗೆ ಅರ್ಧ ಮೀಟರಿನಂತೆ ಇದಕ್ಕೆ 75 ನಿಮಿಷ ಬೇಕು. ಮೇಲೆ ಹೇಳಿದ ಒಂದು ಬ್ಯಾಟರಿಯು ಇಷ್ಟಕ್ಕೆ ಸಾಕಾಗುವುದು.

ಆದರೆ ನಿಜವಾದ ತೊಂದರೆಯು ಬೇರೆಡೆಯಲ್ಲಿದೆ. ಬೆಳೆದ ಹತ್ತಿಗೆ ಎಕರೆಗೆ 200 ಲೀಟರು ದ್ರಾವಣವನ್ನು ಹಾಕುವುದಾದರೆ, 20 ಲೀಟರಿನ ಡಬ್ಬಿಯನ್ನು ಹತ್ತು ಸಲ ತುಂಬಬೇಕು. 225 ಮೀಟರು ನಡೆಯುವಷ್ಟರಲ್ಲಿ, ಎಂದರೆ ಏಳೂವರೆ ನಿಮಿಷದಲ್ಲಿ, ಡಬ್ಬಿಯು ಬರಿದಾಗುವುದು. ಪ್ರತಿಸಲ ಹಿಂದಿರುಗಿ, ತುಂಬಿಸಿಕೊಂಡು, ಬಿಟ್ಟ ಕಡೆಗೆ ಮರಳಬೇಕು. ಆದುದರಿಂದ ನೀರಿನ ಪೀಪಾಯಿಯನ್ನು ಹೊಲದ ನಡುಬದುವಿನಲ್ಲಿ ಇರಿಸುವ ಏರ್ಪಾಡೇ ಯಂತ್ರದ ವೇಗಕ್ಕಿಂತ ಮಹತ್ವದ್ದು. ತುಂಬುವವನು ವಿಷದ ಹತ್ತಿರ ಬರುವುದು ಈ ಗಳಿಗೆಯಲ್ಲಿಯೇ. ಕೈಗವಸು, ಮುಖಕವಚ, ಪೂರ್ಣ ತೋಳಿನ ಅಂಗಿ ಇವುಗಳನ್ನು ಯಂತ್ರ ಬಂದಿತೆಂದು ಬಿಡುವಂತಿಲ್ಲ.

ಯಾವ ಬೆಳೆಗೆ ಇದು ಒಗ್ಗುವುದಿಲ್ಲವೆಂಬುದನ್ನೂ ಸ್ಪಷ್ಟವಾಗಿ ಹೇಳತಕ್ಕದ್ದು. ಶೇಂಗಾ, ಹೆಸರು, ಕಡಲೆ ಇವುಗಳ ಸಾಲುಗಳು ಒಂದಡಿಯ ಅಂತರದವು; ಅವುಗಳಲ್ಲಿ ಈ ಗಾಡಿಯು ಹೋಗಲಾರದು. ಉಳ್ಳಾಗಡ್ಡಿಯ ಹೊಲದಲ್ಲಿಯೂ ಇದಕ್ಕೆ ದಾರಿಯಿಲ್ಲ. ಹತ್ತಿಯಲ್ಲಿಯೂ ಸಾಲುಗಳು ಸಂಪೂರ್ಣವಾಗಿ ಕೂಡಿಕೊಂಡ ಮೇಲೆ ಕೊಂಬೆಗಳು ಮುರಿಯುವವು. ಅಂಥಲ್ಲಿ ಆಕಾಶದಿಂದ ಸಿಂಪಡಿಸುವ ಡ್ರೋಣ್ ಯಂತ್ರಗಳನ್ನು ಬಾಡಿಗೆಗೆ ಪಡೆಯಬಹುದು. ಆದರೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸುವಷ್ಟು ಗಾಳಿ ಬೀಸುವ ಈ ಸೀಮೆಯಲ್ಲಿ, ಮೇಲಿನಿಂದ ಬಿದ್ದ ಹನಿಯು ನೆರೆಯವನ ಹೊಲಕ್ಕೆ ಹಾರುವ ಭಯವುಂಟು. ಮುಂಜಾವಿನ ಶಾಂತ ಹೊತ್ತೇ ಎರಡಕ್ಕೂ ಉತ್ತಮ.

ಕೊಳ್ಳುವವರು ಗಮನಿಸತಕ್ಕದ್ದು

ನಮ್ಮ ಸೀಮೆಗೆ ಪರದೇಶದ ಯಂತ್ರವು ಬಂದದ್ದು ಇದೇ ಮೊದಲಲ್ಲ. 1840ರ ದಶಕದಲ್ಲಿ ಅಮೇರಿಕದ ಹತ್ತಿಯ ಬೀಜವು ಧಾರವಾಡ ಸೀಮೆಯಲ್ಲಿ ನೆಲೆಯೂರಿತು. ಅದರ ಅರಳೆಯನ್ನು ಬಿಡಿಸಲು ಗರಗಸದ ಹಲ್ಲಿನ ಜಿನ್ ಯಂತ್ರಗಳೂ ಬಂದವು. ಗದಗ ಭಾಗದ ಎರೆಯಲ್ಲಿ ಆ ಹತ್ತಿಯು ಹುಲುಸಾಗಿ ಹಬ್ಬಿತು. ಆದರೆ ಯಂತ್ರಗಳನ್ನು ದುರಸ್ತಿ ಮಾಡುವವರು ಸಮೀಪದಲ್ಲಿರಬೇಕಾಯಿತು. ಅದಕ್ಕಾಗಿಯೇ ಧಾರವಾಡದಲ್ಲಿ ಕಾರಖಾನೆಯೊಂದನ್ನು ನಡೆಸಬೇಕಾಯಿತು. ಇಂದಿಗೂ ಅದೇ ಮಾತು. ಮೋಟಾರು, ಬ್ಯಾಟರಿ, ನಿಯಂತ್ರಕಗಳು ಗದಗಿನ ಪೇಟೆಯಲ್ಲಿ ಬದಲಾಯಿಸಲು ದೊರೆಯುವವೋ, ತಿಳಿದ ಕೈಯೊಂದು ಒಂದು ದಿವಸದೊಳಗೆ ಹೊಲಕ್ಕೆ ಬರಬಲ್ಲುದೋ ಎಂದು ಕೇಳದೆ ಹಣವನ್ನು ಕೊಡಬಾರದು. ಹುಳುವು ದುರಸ್ತಿಯಾಗುವವರೆಗೆ ಕಾಯುವುದಿಲ್ಲ.

ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಕೂಡಿ ಕೊಳ್ಳುವುದು ಮೇಲು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದರು. ಆ ನೆಲದವರಾದ ನಮಗೆ ಕೂಡಿ ಮಾಡುವ ರೀತಿಯನ್ನು ಹೊರಗಿನವರು ಬಂದು ಕಲಿಸಬೇಕಾದ್ದಿಲ್ಲ. ಊರಿನ ಸಂಘವಾಗಲಿ ರೈತ ಉತ್ಪಾದಕರ ಕೂಟವಾಗಲಿ ಒಂದು ಗಾಡಿಯನ್ನಿಟ್ಟು, ಎಕರೆಗೆ ಇಷ್ಟೆಂದು ಬಾಡಿಗೆ ಗೊತ್ತುಮಾಡಿ, ಅದರಲ್ಲೊಂದು ಪಾಲನ್ನು ಬ್ಯಾಟರಿಯ ಬದಲಾವಣೆಗೆಂದು ತೆಗೆದಿಡಬಹುದು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನೂ ಔಷಧದ ಪ್ರಮಾಣ, ಹನಿಯ ಗಾತ್ರ ಮುಂತಾದ ವಿಷಯಗಳಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಅಟಲ್ ಪ್ರಯೋಗಶಾಲೆಗಳುಳ್ಳ ಪ್ರೌಢಶಾಲೆಗಳ ಹುಡುಗ ಹುಡುಗಿಯರಿಗೆ ನೀರನ್ನು ಮಾತ್ರ ಹೊರುವ ಗಾಡಿಯನ್ನು ಮಾಡಲು ಊರ ಹಿರಿಯರು ಅವಕಾಶವನ್ನೂ, ಒಂದು ಗುಂಟೆ ಹೊಲವನ್ನೂ ಕೊಟ್ಟರೆ, ನಾಳೆಯ ದುರಸ್ತಿಗಾರರು ಊರಿನಲ್ಲಿಯೇ ಹುಟ್ಟುವರು.

ಕೊನೆಯದಾಗಿ ಕೂಲಿಯಾಳಿನ ಮಾತು. ಯಂತ್ರವು ಬಂದರೆ ಅವನ ದಿನಗೂಲಿಯು ಹೋಗುವುದಲ್ಲವೆ ಎಂದು ಕೆಲವರು ಕೇಳುವರು. ಈ ಪ್ರಶ್ನೆಯು ನ್ಯಾಯವಾದದ್ದು. ನಮ್ಮ ಸಲಹೆಯೇನೆಂದರೆ, ಇಷ್ಟು ವರ್ಷ ಬೆನ್ನ ಮೇಲೆ ಡಬ್ಬಿಯನ್ನು ಹೊತ್ತವನ ಕೈಗೇ ಆ ಪೆಟ್ಟಿಗೆಯನ್ನು ಕೊಡಿರಿ. ಯಾವ ಸಾಲಿನಲ್ಲಿ ತಗ್ಗಿದೆ, ಯಾವ ಮೂಲೆಯಲ್ಲಿ ಹುಳು ಮೊದಲು ಕಾಣುವುದು, ಗಾಳಿಯು ಯಾವ ಹೊತ್ತಿಗೆ ತಿರುಗುವುದು ಎಂಬುದು ಅವನಿಗೆ ಗೊತ್ತಿರುವಷ್ಟು ಮತ್ತೊಬ್ಬರಿಗೆ ಗೊತ್ತಿರಲಾರದು. ನಾಲ್ಕು ದಿವಸದ ಅಭ್ಯಾಸದಿಂದ ಅವನು ಗಾಡಿಯನ್ನು ನಡೆಸಬಲ್ಲನು. ಅವನ ಕೂಲಿಯನ್ನು ಕಡಿಮೆ ಮಾಡದೆ, ಅವನ ಮೈಗೆ ತಾಗುವ ವಿಷವನ್ನು ಕಡಿಮೆ ಮಾಡುವುದೇ ಈ ಯಂತ್ರದಿಂದ ಜಮೀನುದಾರರು ಪಡೆಯಬೇಕಾದ ಮೊದಲನೆಯ ಲಾಭವೆಂದು ತಿಳಿಯತಕ್ಕದ್ದು.

ಬರುವ ಮುಂಗಾರಿಗೆ ಮೊದಲು, ನೆಲವು ಒಣಗಿರುವಾಗಲೇ, ಒಂದು ಚೌಕಟ್ಟು, ನಾಲ್ಕು ಗಾಲಿ, ಒಂದು ಹಗ್ಗ ಮತ್ತು ಒಂದು ತೂಗುಕೊಕ್ಕೆಯಿಂದ ಕೆಲಸವನ್ನು ಪ್ರಾರಂಭಿಸಬಹುದು. ಹೊಲವು ಕೊಡುವ ಉತ್ತರವನ್ನು ಮೊದಲು ಕೇಳಿ, ಆಮೇಲೆ ಪೇಟೆಗೆ ಹೋಗಬೇಕೆಂದು ನಮ್ಮ ವಿಜ್ಞಾಪನೆ.